ಹಾಡು ಬಾರದಿದ್ದರೂ ಬನ್ನಿ

ಮೈಕ್ ಹಿಡಿದ ಕೈ ನಡುಗುತ್ತಿರುವುದು ನಿಮಗೆ ಕಾಣುತ್ತಿರಬಹುದು. ಇರಲಿ, ನಾನು ಹೇಳಬೇಕಾದದ್ದೂ ಅದನ್ನೇ.

ಮದುವೆಯಾಗಿ ಮೈಸೂರಿನಿಂದ ಮೈಲಾಪುರಕ್ಕೆ ಬಂದಾಗ ನನಗೆ 23 ವರ್ಷ. ಮೊದಲ ನವರಾತ್ರಿಗೆ ಪಕ್ಕದ ಮನೆ ಮಾಮಿ ಕೊಲುವಿಗೆ ಕರೆದರು. ಗೊಂಬೆ ಕೂರಿಸುವುದು ನಮಗೇನು ಹೊಸದಲ್ಲ. ಭಯವೆಲ್ಲ ಜನರದ್ದು. ಜೊತೆಗಿದ್ದ ಚಿಕ್ಕಮ್ಮನನ್ನು ನನ್ನ ಹರಕುಮುರುಕು ತಮಿಳಿನಲ್ಲಿ 'ಎನ್ನೋಡ ಸಂಬಂಧಿ' ಎಂದು ಪರಿಚಯಿಸಿದೆ. ಮನೆಯೆಲ್ಲ ನಕ್ಕಿತು. ತಮಿಳಿನಲ್ಲಿ ಸಂಬಂಧಿ ಎಂದರೆ ಬೀಗರು! ಇನ್ನೂ ಮಗುವೇ ಇಲ್ಲದ ನನಗೆ ಬೀಗರು! ಅಷ್ಟರಲ್ಲೇ 'ಒರು ಪಾಟ್ಟು ಪಾಡು' ಎಂದರು. ಕೊಲುವಿಗೆ ಬಂದವರು ಹಾಡುವುದು ಇಲ್ಲಿಯ ವಾಡಿಕೆ. ಪಲ್ಲವಿ ಮುಗಿಯುವಷ್ಟರಲ್ಲಿ ಗಂಟಲು ಕಟ್ಟಿತು.

ಮರುವರ್ಷ ಜ್ವರ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ. ರಾತ್ರಿ ಮಾಮಿಯೇ ತಾಂಬೂಲ, ಸುಂಡಲ್, ಮೆಣಸಿನ ರಸಂ ತಂದುಕೊಟ್ಟು ಹಣೆ ಮುಟ್ಟಿ ನೋಡಿದರು. ಹಣೆ ತಣ್ಣಗಿತ್ತು. ಏನೂ ಕೇಳದೆ ಹೋದರು. ಹಾಡು ನಿಂತಾಗ ಆಗಿದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಮೂರನೇ ವರ್ಷ ಹೋಗಿ ನೇರವಾಗಿ ಹೇಳಿದೆ: 'ಮಾಮಿ, ಜನರ ಮುಂದೆ ನನಗೆ ದನಿಯೇ ಹೊರಡುವುದಿಲ್ಲ. ಸುಂಡಲ್ ಹಂಚಲೇ?' ಅವರು ಸೌಟು ಕೈಗಿಟ್ಟರು. ಅಲ್ಲಿಂದ ಮುಂದೆ ಪ್ರತಿವರ್ಷ ಅದು ನನ್ನ ಕೆಲಸ. 'ವಾಂಗೊ ಸಂಬಂಧಿ' ಎಂದು ಅವರು ಕರೆದಾಗ ನಾನೂ ನಗುತ್ತಿದ್ದೆ.

ನನ್ನ ಸಂಕೋಚ ಇನ್ನೂ ಹೋಗಿಲ್ಲ. ಹೋಗಲಿ ಎಂದು ಕಾಯುವುದನ್ನು ಬಿಟ್ಟಿದ್ದೇನೆ, ಅಷ್ಟೇ. ಹೊಸದಾಗಿ ಚೆನ್ನೈಗೆ ಬಂದು ಇಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುವ ತಂಗಿಯರೇ, ಹಾಡು, ಮಾತು ಬಾರದಿದ್ದರೂ ಬನ್ನಿ. ನಮ್ಮಲ್ಲೂ ಬಡಿಸುವ ಕೆಲಸ ಬೇಕಾದಷ್ಟಿದೆ.