ದ್ರಾಕ್ಷಾರಸದ ಸೀಸೆ ಮತ್ತು ಚೀಟಿ



ನಂದಿಬೆಟ್ಟದ ಸುತ್ತಿನ ದ್ರಾಕ್ಷಿ ಬೆಳೆಗಾರರು ನಾಲ್ಕು ಜನ ಸೇರಿದರೆ, ನಮ್ಮ ಹಣ್ಣಿನ ವೈನು ನಮ್ಮ ಹೆಸರಲ್ಲೇ ಬರಲಿ ಅನ್ನುವ ಮಾತು ಏಳುತ್ತದೆ. ಮನೆಯಲ್ಲಿ ಮಾಡಿ ಮಾರುವ ವಿಚಾರವಲ್ಲ ಇದು; ಅದಕ್ಕೆ ಪರವಾನಗಿ ಪಡೆದ ಕಾರ್ಖಾನೆಯೇ ಬೇಕು. ಆದರೆ ಸೀಸೆ ಹೇಗಿರಬೇಕು, ಚೀಟಿಯಲ್ಲಿ ಏನಿರಬೇಕು ಎಂಬುದನ್ನು ನೀವೂ ತಿಳಿದಿರಬೇಕಾದ್ದೇ. ಚಿತ್ರ ಬರೆಯುವವರ ಹತ್ತಿರ ಓಡುವ ಮೊದಲು ಪೇಟೆಯ ಅಂಗಡಿಗಳನ್ನು ನೋಡಿಕೊಂಡು ಬನ್ನಿ. ಕೊಳ್ಳಿ, ಕುಡಿಯಿರಿ ಅಂತ ನಾನು ಹೇಳುತ್ತಿಲ್ಲ, ನೋಡಿ ಬನ್ನಿ ಅಷ್ಟೆ.

ವೈನಿಗೆ ಬೆಳಕು ಆಗದು. ಹಸಿರು ಗಾಜು ಬೆಳಕನ್ನು ಕೊಂಚ ತಡೆಯುತ್ತದೆ, ಕಂದು ಗಾಜು ಇನ್ನೂ ಚೆನ್ನಾಗಿ. ಬಿಳಿ ಗಾಜಿನಲ್ಲಿ ಬಣ್ಣ ಚೆಂದ ಕಾಣುತ್ತದೆ. ಬಹಳ ದಿನ ದೀಪದ ಕೆಳಗಿದ್ದರೆ ರುಚಿ ಕೆಡುತ್ತದೆ. ಹೆಗಲು ಎದ್ದ ಸೀಸೆ ಫ್ರಾನ್ಸಿನ ಬೋರ್ಡೊ ಸೀಮೆಯ ಮಾದರಿ, ಹೆಗಲು ಇಳಿದದ್ದು ಬರ್ಗಂಡಿಯದು. ನೊರೆಯೇಳುವ ಶಾಂಪೇನಿನ ಸೀಸೆ ದಪ್ಪ, ಏಕೆಂದರೆ ಅದರೊಳಗಿನ ಒತ್ತಡ ಹೊರಗಿನ ಗಾಳಿಯದಕ್ಕಿಂತ 5-6 ಪಟ್ಟು. ಸಾದಾ ವೈನಿಗೆ ಅಂಥ ಸೀಸೆ ಕೊಂಡರೆ ಲಾರಿ ಬಾಡಿಗೆ ಏರುತ್ತದೆಯೇ ಹೊರತು ಬೇರೇನೂ ಇಲ್ಲ.

ಇನ್ನು ಚೀಟಿ. ಬೋರ್ಡೊದ ಮೂಟೊನ್ ರಾಟ್‌ಶೀಲ್ಡ್ ತೋಟದವರು 1945ರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ಒಬ್ಬೊಬ್ಬ ಕಲಾವಿದರ ಚಿತ್ರ ಹಾಕಿಸುತ್ತಾರೆ. 1973ರದು ಪಿಕಾಸೊ ಚಿತ್ರ. ನಮಗೆ ಅಷ್ಟು ದೂರ ಬೇಡ. ಚಿತ್ರಕ್ಕೆ ಜಾಗ ಬಿಡುವ ಮೊದಲು ಕಾನೂನಿನ ಬರಹಕ್ಕೆ ಜಾಗ ಬಿಡಿ. ಮದ್ಯಸಾರ ಶೇಕಡಾ ಎಷ್ಟು, ಅಳತೆ ಎಷ್ಟು, ತಯಾರಿಸಿದವರು ಯಾರು ಎಂಬುದಿರಬೇಕು. ಆರೋಗ್ಯದ ಎಚ್ಚರಿಕೆಯ ಅಕ್ಷರ 200 ಮಿಲಿಲೀಟರಿಗಿಂತ ದೊಡ್ಡ ಸೀಸೆಯಲ್ಲಿ 3 ಮಿಲಿಮೀಟರಿಗೆ ಕಡಿಮೆಯಿರಬಾರದೆಂದು 2018ರ ನಿಯಮ ಹೇಳುತ್ತದೆ. ಅಬಕಾರಿ ಇಲಾಖೆ ಒಪ್ಪುವ ತನಕ ಸಾವಿರಗಟ್ಟಲೆ ಅಚ್ಚು ಹಾಕಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಏನಪ್ಪಾ ಅಂದರೆ, ಚೀಟಿಯ ಮೇಲಿನ ಹೆಸರು ಮತ್ತು ಗುರುತು ಯಾರ ಸ್ವತ್ತು? ಕಾರ್ಖಾನೆಯವರು ಅದನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಂಡರೆ, ಮುಂದಿನ ವರ್ಷ ಬೇರೆ ಊರಿನ ಹಣ್ಣು ಕೊಂಡು ನೀವು ಹುಡುಕಿದ ಗುರುತಿನಲ್ಲೇ ಮಾರಬಹುದು. ನೀವು ಹಣ್ಣಿನ ಬುಟ್ಟಿ ಹಿಡಿದು ಮಂಡಿಯಲ್ಲೇ ನಿಲ್ಲಬೇಕಾದೀತು. ಆದ್ದರಿಂದ ಸಂಘದ ಹೆಸರಿನಲ್ಲೇ ವ್ಯಾಪಾರ ಗುರುತಿಗೆ ಅರ್ಜಿ ಹಾಕಿ. ವೈನಿಗೆ 33ನೇ ವರ್ಗ, ಹಸಿ ಹಣ್ಣಿಗೆ 31ನೇ ವರ್ಗ. ಅದೇ ಗುರುತು ಬೇರೆಯವರದಾಗಿದೆಯೇ ಎಂದು ಮೊದಲೇ ಹುಡುಕಿಸಿ. ಕಾರ್ಖಾನೆಗೆ ಬಳಸಲು ಎಷ್ಟು ವರ್ಷದ ಅನುಮತಿ ಎಂಬುದನ್ನು ಕರಾರಿನಲ್ಲಿ ಬರೆಸಿ, ಬಾಯಿಮಾತು ಸಾಲದು. ‘ಬೆಂಗಳೂರು ನೀಲಿ ದ್ರಾಕ್ಷಿ’ಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಅಧಿಕೃತ ಬಳಕೆದಾರರಾಗಿ ಬೆಳೆಗಾರರು ಹೆಸರು ಬರೆಸಿಕೊಳ್ಳಬಹುದು.

ಕಡೆಗೆ ಒಂದು ಸಣ್ಣ ಪರೀಕ್ಷೆ. ಮಾದರಿ ಚೀಟಿ ಅಂಟಿಸಿದ ಸೀಸೆಯನ್ನು ಮಂಜುಗಡ್ಡೆ ಹಾಕಿದ ನೀರಿನಲ್ಲಿ ಎರಡು ಗಂಟೆ ಇಡಿ. ಚೀಟಿ ಕೈಗೆ ಕಿತ್ತು ಬಂದರೆ, ಕಾಗದವನ್ನೂ ಅಂಟನ್ನೂ ಬದಲಾಯಿಸಿ ಅಂತ ಅಚ್ಚಿನವರಿಗೆ ಹೇಳಿ.