ಚಂಚಲ ಮಗು, ದಣಿದ ತಾಯಿ



ಉಪ್ಪುಂದದ ಕಡಲತಡಿಯಲ್ಲಿ ತಾಯಿಯೊಬ್ಬರು ನನ್ನೊಡನೆ ನೊಂದು ನುಡಿದರು: “ಮಾಣಿಗಲ್ಲ, ಎಲ್ಲರೂ ನಂಗೇ ಬೈತ್ರ್, ಮಾಷ್ಟ್ರೇ.” ಅವರ ಮಗನದು ಎ.ಡಿ.ಎಚ್.ಡಿ.; ಎಂದರೆ ಗಮನ ನಿಲ್ಲದ, ಮೈ ಒಂದೆಡೆ ಕೂರದ ಸ್ಥಿತಿ.

1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂತಹ ಮಕ್ಕಳ ಕುರಿತು ಉಪನ್ಯಾಸ ನೀಡುತ್ತ, ಇದನ್ನು ನೈತಿಕ ನಿಯಂತ್ರಣದ ಕೊರತೆಯೆಂದರು. ಇದು ಮಿದುಳಿನ ಬೆಳವಣಿಗೆಯ ಭಿನ್ನತೆ, ಬಹುಮಟ್ಟಿಗೆ ಆನುವಂಶಿಕ ಎಂಬುದನ್ನು ಇಂದಿನ ವೈದ್ಯವಿಜ್ಞಾನ ಬಲ್ಲದು. ನೆರೆಹೊರೆಯ ನಾಲಗೆ ಮಾತ್ರ ಇನ್ನೂ 1902ರಲ್ಲಿಯೇ ಇದೆ.

ನಿಂದೆಗೆ ಕುಗ್ಗಿದ ತಾಯಿ ಮಗುವಿನ ಮೇಲೆ ಸಿಡುಕುತ್ತಾಳೆ. ಸಿಡುಕಿಗೆ ಮಗು ಮತ್ತಷ್ಟು ಕೆರಳುತ್ತದೆ. ಆದ್ದರಿಂದಲೇ ಬಲ್ಲ ವೈದ್ಯರು ಹೆತ್ತವರಿಗೂ ತರಬೇತಿ ಕೊಡುತ್ತಾರೆ: ಒಮ್ಮೆಗೆ ಒಂದೇ ಮಾತು, ಮಾಡಿದೊಡನೆ ಮೆಚ್ಚುಗೆ. ಉಳಿದ ಪಾಲು ನಮ್ಮದು.

ಅಂದು ಮಾಣಿಯನ್ನು ನಾನು ನಾಡದೋಣಿಗಳ ಕಡೆಗೆ ಕರೆದೊಯ್ದೆ. ತಾಯಿ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದರು.