ಶಾಲೆಯ ನಿಯಮ, ಮನೆಯ ಪಾಲು

ಬೇಸಿಗೆಯ ರಜೆ ಮುಗಿದು ಶಾಲೆಯ ಬಾಗಿಲು ತೆರೆದ ಮೊದಲನೆಯ ವಾರದಲ್ಲಿ ಮಕ್ಕಳ ಕೈಯಲ್ಲಿ ಒಂದು ಕಾಗದ ಮನೆಗೆ ಬರುವುದುಂಟು. ನೀವೂ ನೋಡಿರುತ್ತೀರಿ. ಗಂಟೆ ಬಾರಿಸುವ ಮೊದಲೇ ಮಗು ಶಾಲೆಯಲ್ಲಿರಬೇಕು, ಸಮವಸ್ತ್ರ ಶುಚಿಯಾಗಿರಬೇಕು, ಉಗುರು ಕತ್ತರಿಸಿರಬೇಕು, ತಲೆ ಬಾಚಿರಬೇಕು, ಪುಸ್ತಕಗಳಿಗೆ ಬೈಂಡು ಹಾಕಿರಬೇಕು, ರಜೆ ಬೇಕಾದರೆ ಚೀಟಿ ತರಬೇಕು. ಹೀಗೆ ಹತ್ತು ಹನ್ನೆರಡು ‘ಬೇಕು’ಗಳು, ಅವುಗಳ ಕೆಳಗೆ ನಾಲ್ಕಾರು ‘ಕೂಡದು’ಗಳು, ಕಟ್ಟಕಡೆಗೆ ಪೋಷಕರ ರುಜುವಿಗೆಂದು ಒಂದು ಗೆರೆ. ತಂದೆ ಬೆಳಗಿನ ಕಾಫಿಯ ನಡುವೆ ಆ ಗೆರೆಯ ಮೇಲೆ ಸಹಿ ಹಾಕಿ, ಕಾಗದವನ್ನು ಮಗುವಿಗೇ ಹಿಂದಿರುಗಿಸಿ, “ನೋಡಿದೆಯಾ, ಇನ್ನು ಮೇಲೆ ಹೀಗೆಲ್ಲ ಇರಬೇಕು” ಎನ್ನುತ್ತಾರೆ. ಅಲ್ಲಿಗೆ ಆ ಕಾಗದದ ಕೆಲಸ ಮುಗಿಯಿತು.

ಅದನ್ನು ಇನ್ನೊಮ್ಮೆ ನಿಧಾನವಾಗಿ ಓದಿ ಎಂದು ನಿಮ್ಮನ್ನು ಕೇಳಿಕೊಳ್ಳುವುದೇ ಇಂದಿನ ನನ್ನ ಮಾತಿನ ಉದ್ದೇಶ. ಆರು ವರ್ಷದ ಮಗು ಹೊತ್ತಿಗೆ ಸರಿಯಾಗಿ ತಾನಾಗಿ ಏಳುವುದಿಲ್ಲ, ಎಬ್ಬಿಸುವವರು ಬೇಕು. ತನ್ನ ಅಂಗಿಯನ್ನು ತಾನು ಒಗೆದುಕೊಳ್ಳಲಾರದು. ಬಲಗೈಯ ಉಗುರನ್ನು ಎಡಗೈಯಿಂದ ಕತ್ತರಿಸಿಕೊಳ್ಳಲಾರದು. ರಜೆಯ ಚೀಟಿಯನ್ನಂತೂ ಬರೆಯಲಾರದು. ಹಾಗಾದರೆ ಈ ನಿಯಮಗಳನ್ನು ಬರೆದಿರುವುದು ಯಾರಿಗೆ? ಹೆಸರು ಮಗುವಿನದು, ಕೆಲಸ ಮನೆಯವರದು. ಮನೆ ನಡೆಸದ ನಿಯಮವನ್ನು ಮಗು ನಡೆಸಲಾರದು. ಅಷ್ಟೇ ಅಲ್ಲ, ಮನೆಯ ಸ್ಥಿತಿಯನ್ನು ವಿಚಾರಿಸದೆ ಮಾಡಿದ ನಿಯಮವನ್ನು ಶಾಲೆಯೂ ನಡೆಸಕೂಡದು. ಎರಡನೆಯ ಮಾತನ್ನು ನಾನು ಕಲಿತದ್ದು ತಡವಾಗಿ, ನನ್ನ ತಪ್ಪಿನಿಂದ. ಅದನ್ನು ಮುಂದೆ ಹೇಳುತ್ತೇನೆ.

ಕನ್ನಡ ಪಂಡಿತನಿಗೆ ಮಾತಿನ ಬೇರನ್ನು ಕೆದಕುವ ಚಪಲ ಬಿಡದು. ‘ಶಿಕ್ಷೆ’ ಎಂಬ ಶಬ್ದವನ್ನೇ ನೋಡಿ. ಸಂಸ್ಕೃತದಲ್ಲಿ ಅದರ ಅರ್ಥ ಕಲಿಕೆ. ವೇದದ ಆರು ಅಂಗಗಳಲ್ಲಿ ಶಿಕ್ಷೆಯೂ ಒಂದು. ಅದು ಉಚ್ಚಾರಣೆಯ ಶಾಸ್ತ್ರ. ಶಿಕ್ಷಕ, ಶಿಕ್ಷಣ ಎಂಬ ಮಾತುಗಳು ಅದೇ ಬೇರಿನಿಂದ ಚಿಗುರಿದವು. ಆದರೆ ನಮ್ಮ ಆಡುಮಾತಿನಲ್ಲಿ ಶಿಕ್ಷೆಯೆಂದರೆ ದಂಡನೆ. ಹಿಂದಿನ ಕೂಲಿಮಠಗಳಲ್ಲಿ ಐಗಳು ಹುಡುಗರಿಗೆ ‘ಕೋದಂಡ’ ಹಾಕುತ್ತಿದ್ದರು. ಎಂದರೆ ತಪ್ಪು ಮಾಡಿದ ಹುಡುಗನನ್ನು ಹಗ್ಗಕ್ಕೆ ಜೋತುಬೀಳಿಸುತ್ತಿದ್ದರು. ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂಬ ಗಾದೆ ಉತ್ತರದ ಜಿಲ್ಲೆಗಳಲ್ಲಿ ಬಳಕೆಗೆ ಬಂದದ್ದು ಸುಮ್ಮನೆಯಲ್ಲ. ಕಲಿಸುವುದೂ ದಂಡಿಸುವುದೂ ಒಂದೇ ಎಂದು ನಾವು ಎಷ್ಟು ಕಾಲ ನಂಬಿದೆವು ಎಂಬುದಕ್ಕೆ ಈ ಒಂದು ಶಬ್ದವೇ ಸಾಕ್ಷಿ. ಶಾಲೆಯ ನಿಯಮಗಳ ಪಟ್ಟಿಯನ್ನು ಕಂಡ ಕೂಡಲೆ ಮಕ್ಕಳಿಗೂ ಹಿರಿಯರಿಗೂ ಭಯ ಮೊದಲು ಬರುವುದು, ಕಾರಣ ಆಮೇಲೆ ತಿಳಿಯುವುದು, ಆ ಹಳೆಯ ನಂಬಿಕೆಯಿಂದಲೇ. ಕಾರಣ ತಿಳಿದರೆ ನಿಯಮ ಹಗುರವಾಗುತ್ತದೆ. ಆದುದರಿಂದ ಒಂದೆರಡು ನಿಯಮಗಳ ಕಾರಣವನ್ನು ವಿಚಾರ ಮಾಡೋಣ.

ಮೊದಲನೆಯದು ಹಾಜರಿ. 2009ರಲ್ಲಿ ಆದ ಶಿಕ್ಷಣದ ಹಕ್ಕಿನ ಕಾಯಿದೆ, ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಪಾಠ ನಡೆಯಬೇಕೆಂದು ಹೇಳುತ್ತದೆ. ಆರರಿಂದ ಎಂಟಕ್ಕೆ 220 ದಿನ, 1000 ಗಂಟೆ. 365 ದಿನಗಳಲ್ಲಿ 200 ಕಳೆದರೆ 165 ದಿನ ಮಗು ಹೇಗೂ ಮನೆಯಲ್ಲೇ ಇರುತ್ತದೆ. ಅದರ ಮೇಲೆ ತಿಂಗಳಿಗೆ ಎರಡು ದಿನ, ‘ಇವತ್ತೊಂದು ದಿನ ಹೋಗದಿದ್ದರೆ ಏನು ಮಹಾ’ ಎಂದುಕೊಳ್ಳಿ. ಹತ್ತು ತಿಂಗಳಿಗೆ ಇಪ್ಪತ್ತು ದಿನ; ವರ್ಷದ ಪಾಠದಲ್ಲಿ ಹತ್ತನೆಯ ಒಂದು ಪಾಲು ಹೋಯಿತು! ನಮ್ಮ ಬರೆವಣಿಗೆಯಲ್ಲಿ ಒಂದರ ಮೇಲೊಂದು ನಿಲ್ಲುವ ಮೆಟ್ಟಿಲುಗಳಿವೆ: ಅಕ್ಷರ, ಕಾಗುಣಿತ, ಆಮೇಲೆ ಒತ್ತಕ್ಷರ. ಒತ್ತಕ್ಷರ ಕಲಿಸುವ ವಾರದಲ್ಲಿ ಮದುವೆಗೆ ಹೋಗಿದ್ದ ಮಗು ಎಂಟನೆಯ ತರಗತಿಗೆ ನನ್ನ ಮುಂದೆ ಬಂದು ಕೂತಾಗಲೂ ‘ಕಣ್ಣು’ ಎಂಬುದನ್ನು ‘ಕಣು’ ಎಂದೇ ಬರೆಯುವುದನ್ನು ಕಂಡಿದ್ದೇನೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಇದಕ್ಕೆ ಒಂದು ಪರಿಹಾರವಿದೆ. ತಪ್ಪಿಸಿಕೊಂಡ ಮಗು ಹಿಂದಿರುಗಿದಾಗ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆದರೆ ಮೆಟ್ಟಿಲು ಕಾಯುತ್ತದೆಯೇ ಹೊರತು ವರ್ಷ ಕಾಯುವುದಿಲ್ಲ.

ಎರಡನೆಯದು ರಜೆಯ ಚೀಟಿ. ಇದು ಅತ್ಯಲ್ಪವೆಂದು ಕಾಣುವ ನಿಯಮ. ‘ನನ್ನ ಮಗಳಿಗೆ ಜ್ವರವಿದ್ದುದರಿಂದ’ ಎಂದು ಚೀಟಿ ಬರುತ್ತದೆ. ಚೀಟಿ ಕೊಡುವ ಕೈಯ ತುಂಬ ಮದರಂಗಿ! ಮೇಷ್ಟರು ನಕ್ಕು ಸುಮ್ಮನಾಗುತ್ತಾರೆ. ಆದರೆ ಆ ಹುಡುಗಿ ಚೀಟಿಯನ್ನು ಓದಿದ್ದಾಳೆ. ಅಪ್ಪ ಸುಳ್ಳು ಬರೆದು ಸಹಿ ಹಾಕಿದರೆ ಅದು ನಡೆಯುತ್ತದೆ ಎಂಬ ಪಾಠವನ್ನು ಯಾವ ಪುಸ್ತಕವೂ ಕಲಿಸದಷ್ಟು ಚೆನ್ನಾಗಿ ಕಲಿತಿದ್ದಾಳೆ. ‘ಚಿಕ್ಕಮ್ಮನ ಮದುವೆಯಿತ್ತು, ಎರಡು ದಿನ ಕಳಿಸಲಾಗಲಿಲ್ಲ’ ಎಂದು ಬರೆದರೆ ಯಾವ ಮೇಷ್ಟರೂ ಕೋಪಿಸಿಕೊಳ್ಳುವುದಿಲ್ಲ. ಒಂದು ವೇಳೆ ಕೋಪಿಸಿಕೊಂಡರೆ ಆ ಕೋಪವನ್ನು ದೊಡ್ಡವರು ಸಹಿಸಿಕೊಳ್ಳಲಿ, ಮಗುವಿನ ಕೈಯಲ್ಲಿ ಸುಳ್ಳನ್ನು ಕೊಟ್ಟು ಕಳಿಸುವುದು ಬೇಡ.

ಮೂರನೆಯದು ಪಾಟಿಚೀಲ. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಚೀಲದ ತೂಕಕ್ಕೆ ಮಿತಿ ಹಾಕಿತು. ಒಂದು ಎರಡನೆಯ ತರಗತಿಗೆ ಒಂದೂವರೆಯಿಂದ ಎರಡು ಕಿಲೋ. ಮೂರರಿಂದ ಐದಕ್ಕೆ ಎರಡರಿಂದ ಮೂರು ಕಿಲೋ. ಚೀಲ ಭಾರವಾಗಲು ಶಾಲೆಯ ತಪ್ಪು ಎಷ್ಟೋ ಇರಬಹುದು. ಆದರೆ ಒಂದು ಸಂಜೆ ನಿಮ್ಮ ಮಗುವಿನ ಚೀಲವನ್ನು ನೀವೇ ಬಿಚ್ಚಿ ನೋಡಿ. ಕಳೆದ ತಿಂಗಳೇ ತುಂಬಿದ ನೋಟುಪುಸ್ತಕ, ಅಂಗಡಿಯವನು ಹೇಳಿದನೆಂದು ಕೊಂಡ ಗೈಡು, ಎರಡು ನೀರಿನ ಬಾಟಲಿ, ಮುರಿದ ಜ್ಯಾಮಿಟ್ರಿ ಪೆಟ್ಟಿಗೆ! ರಾತ್ರಿ ಮಲಗುವ ಮೊದಲು ಮರುದಿನದ ವೇಳಾಪಟ್ಟಿಯನ್ನು ನೋಡಿಕೊಂಡು ಮಗುವೇ ಚೀಲ ಜೋಡಿಸಿಕೊಳ್ಳಲಿ, ನೀವು ಪಕ್ಕದಲ್ಲಿ ಕೂತಿರಿ. ಹತ್ತು ನಿಮಿಷದ ಕೆಲಸ. ಬೆಳಗಿನ ಗಡಿಬಿಡಿ, ಬೈಗುಳ, ಕಣ್ಣೀರು ಅರ್ಧಕ್ಕರ್ಧ ಇಳಿಯುತ್ತವೆ.

ನಾಲ್ಕನೆಯದು ಊಟದ ಪಂಕ್ತಿ. 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಿಂದ ಬಿಸಿಯೂಟ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಕೈ ತೊಳೆದು ಸಾಲಾಗಿ ಕೂರಬೇಕು, ಎಲ್ಲರಿಗೂ ಬಡಿಸುವವರೆಗೆ ಕಾಯಬೇಕು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕು ಎಂಬುದು ಅಲ್ಲಿಯ ನಿಯಮ. ಇದನ್ನು ಮುರಿಯುವ ಮಗುವನ್ನು ನಾನು ಕಂಡಿಲ್ಲ. ಮುರಿಸುವ ಹಿರಿಯರನ್ನು ಕಂಡಿದ್ದೇನೆ. ‘ಇಂಥವರು ಮಾಡಿದ್ದು ನೀನು ತಿನ್ನಬೇಡ, ಇಂಥವರ ಪಕ್ಕದಲ್ಲಿ ಕೂರಬೇಡ’ ಎಂದು ಕಿವಿಯಲ್ಲಿ ಹೇಳಿ ಕಳಿಸುವವರು ಇನ್ನೂ ಇದ್ದಾರೆ. ಹಸಿದ ಮಗು ಬೇರೆಯಾಗಿ ಕೂರುತ್ತದೆ. ಏಕೆಂದು ಕೇಳಿದರೆ ಅದಕ್ಕೆ ಗೊತ್ತಿಲ್ಲ. ಪಕ್ಕದಿಂದ ಎದ್ದುಹೋದದ್ದನ್ನು ಕಂಡ ಇನ್ನೊಂದು ಮಗುವಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ, ಅದು ಬದುಕಿರುವವರೆಗೂ ಮರೆಯುವುದಿಲ್ಲ. ಕಾಗದದಲ್ಲಿರುವ ನಿಯಮಗಳಲ್ಲಿ ಉಳಿದ ಹತ್ತು ತಪ್ಪಿದರೂ ಚಿಂತೆಯಿಲ್ಲ, ಇದೊಂದನ್ನು ತಪ್ಪಿಸಬೇಡಿ.

ಇಷ್ಟು ಮನೆಯವರ ಪಾಲು. ಇನ್ನು ಶಾಲೆಯ ಪಾಲಿಗೆ ಬರುತ್ತೇನೆ. ನಿಯಮ ಮಾಡುವವರಿಗೂ ನಿಯಮವಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅದೇ ಕಾಯಿದೆಯ ಪ್ರಕಾರ ಮಗುವನ್ನು ಹೊಡೆಯುವಂತಿಲ್ಲ, ಮನಸ್ಸಿಗೆ ಹಿಂಸೆಯಾಗುವಂತೆ ನಡೆಸಿಕೊಳ್ಳುವಂತಿಲ್ಲ. ವಯಸ್ಸಿನ ದಾಖಲೆಯಿಲ್ಲವೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಈಗಲೂ ಕೆಲವು ತಂದೆಗಳು ಬಂದು, “ನೀವು ಎರಡು ಬಿಡಿ ಮೇಷ್ಟ್ರೇ, ನಾವೇನೂ ಕೇಳೋದಿಲ್ಲ” ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದು ಅವರು ಕೊಡಬಹುದಾದ ಅಪ್ಪಣೆಯಲ್ಲ, ನಾವು ಪಡೆಯಬಹುದಾದ ಅಧಿಕಾರವೂ ಅಲ್ಲ.

ನಾನು ಯಾರನ್ನೂ ಹೊಡೆಯುವವನಲ್ಲ ಎಂಬ ಹೆಮ್ಮೆ ನನಗಿತ್ತು. ಕೆಲವು ವರ್ಷಗಳ ಹಿಂದಿನ ಮಾತು. ಬೆಳಿಗ್ಗೆ ಗೇಟಿನ ಬಳಿ ನಿಲ್ಲುವ ಕೆಲಸ ನನ್ನದಾಗಿತ್ತು. ಎಂಟನೆಯ ತರಗತಿಯ ಒಬ್ಬ ಹುಡುಗ ದಿನವೂ ಪ್ರಾರ್ಥನೆ ಮುಗಿದ ಮೇಲೆ ಓಡಿ ಬರುತ್ತಿದ್ದ. ಎರಡು ದಿನ ಎಚ್ಚರಿಸಿದೆ. ಮೂರನೆಯ ದಿನ, “ಮನೆಯವರನ್ನು ಕರಕೊಂಡು ಬಾ, ಆಮೇಲೆ ಒಳಗೆ ಬರುವಿಯಂತೆ” ಎಂದೆ. ಅವನು ತಲೆ ತಗ್ಗಿಸಿ ಹೋದ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ನಿಯಮ ನಡೆಯಿತೆಂದು ನಾನು ಸುಮ್ಮನಿದ್ದೆ. ತಿಂಗಳು ಕಳೆದ ಮೇಲೆ ಒಂದು ಸಂಜೆ ನನ್ನ ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬಿಸಲು ಅಂಗಡಿಗೆ ಹೋದೆ. ಪಂಪು ಹಿಡಿದು ಬಂದವನು ಅವನೇ. “ನಮಸ್ಕಾರ ಸಾರ್” ಎಂದ.

ಅಂದೇ ಅವನ ಮನೆಗೆ ಹೋದೆ. ತಾಯಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವವರು, ಬೆಳಕು ಹರಿಯುವ ಮೊದಲೇ ಹೊರಡುವವರು. ತಂದೆ ಇಲ್ಲ. ಪುಟ್ಟ ತಂಗಿಯನ್ನು ಎಬ್ಬಿಸಿ, ಮುಖ ತೊಳೆಸಿ, ಅಂಗನವಾಡಿಯ ಬಾಗಿಲು ತೆರೆದ ಮೇಲೆ ಅವಳನ್ನು ಒಳಗೆ ಬಿಟ್ಟು ಶಾಲೆಗೆ ಓಡುವುದು ಹುಡುಗನ ಕೆಲಸ. ಆ ತಾಯಿ ಬೈಯಲಿಲ್ಲ. “ನನ್ನ ಕರ್ಕೊಂಡು ಬಾ ಅಂದ್ರಂತೆ ಸ್ವಾಮಿ. ಕೆಲಸ ಬಿಟ್ಟು ಬಂದ್ರೆ ಅಮ್ಮಾವ್ರು ಬೇರೆಯವರನ್ನ ಇಟ್ಕೋತಾರೆ. ಅದಕ್ಕೇ ಇವನೇ, ಬೇಡಮ್ಮ ನಾನೇ ಶಾಲೆ ಬಿಡ್ತೀನಿ ಅಂದ” ಎಂದರು. ಹೊರಹಾಕುವಂತಿಲ್ಲ ಎಂದು ಕಾಯಿದೆ ಹೇಳುತ್ತದೆ. ನಾನು ಹೊರಹಾಕಿರಲಿಲ್ಲ, ಗೇಟು ಮುಚ್ಚಿದ್ದೆ ಅಷ್ಟೆ. ಹುಡುಗ ಮರುದಿನ ಬಂದ. ಅವನು ತಡವಾಗಿ ಬರಬಹುದೆಂದು ಮುಖ್ಯೋಪಾಧ್ಯಾಯರು ಒಪ್ಪಿದರು. ಆದರೆ ಕಳೆದ ಐದು ವಾರಗಳ ಗಣಿತವನ್ನು ಅವನು ವರ್ಷದ ಕೊನೆಯವರೆಗೂ ಅಟ್ಟಿಸಿಕೊಂಡು ಓಡುತ್ತಲೇ ಇದ್ದ. ಆ ಓಟ ನಾನು ಹಚ್ಚಿದ್ದು.

ಇದನ್ನು ಹೇಳಿದ್ದು ನಿಯಮ ಬೇಡವೆನ್ನಲು ಅಲ್ಲ. ಹೊತ್ತಿಗೆ ಬರಬೇಕೆಂಬ ನಿಯಮ ಇರಲೇಬೇಕು. ತಪ್ಪಿದವನನ್ನು ‘ಏಕೆ?’ ಎಂದು ಕೇಳುವ ನಿಯಮವೂ ಅದರ ಜೊತೆಗಿರಬೇಕು. ನನ್ನ ಕಡೆಯಿಂದ ಆ ಪ್ರಶ್ನೆ ಬರಲಿಲ್ಲ. ಆ ಮನೆಯ ಕಡೆಯಿಂದ ಒಂದು ಚೀಟಿಯೂ ಬರಲಿಲ್ಲ. ಎರಡು ಮೌನಗಳ ನಡುವೆ ಒಬ್ಬ ಹುಡುಗ ಕಳೆದುಹೋಗುತ್ತಿದ್ದ.

ಈ ಮೌನವನ್ನು ಮುರಿಯಲು ದಾರಿಗಳಿವೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ಪೋಷಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು 2009ರ ಕಾಯಿದೆ ವಿಧಿಸುತ್ತದೆ. ಯಾವುದಾದರೂ ನಿಯಮ ನಿಮ್ಮ ಮನೆಗೆ ಹೊಂದದಿದ್ದರೆ ಅಲ್ಲಿ ಹೇಳಿ. ಖಾಸಗಿ ಶಾಲೆಯಾದರೆ ಪೋಷಕರ ಸಭೆಯಲ್ಲಿ ಹೇಳಿ. ಸಭೆಯಲ್ಲಿ ಮಾತಾಡಲು ಸಂಕೋಚವಾದರೆ ತರಗತಿಯ ಮೇಷ್ಟರಿಗೋ ಮೇಡಮ್ಮಿಗೋ ನಾಲ್ಕು ಸಾಲು ಬರೆದು ಕಳಿಸಿ. ಬರೆಯಲು ಬಾರದಿದ್ದರೆ ಮಗುವಿನ ಕೈಯಲ್ಲೇ ಬರೆಸಿ, ಹೆಬ್ಬೆಟ್ಟು ಒತ್ತಿ. ಅದಕ್ಕಿಂತ ಬೆಲೆಬಾಳುವ ಸಹಿ ನಮಗೆ ಬೇಡ. 2002ರ ಎಂಬತ್ತಾರನೆಯ ತಿದ್ದುಪಡಿಯಿಂದ, ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ವಿದ್ಯೆಯ ಅವಕಾಶ ಒದಗಿಸುವುದು ತಂದೆತಾಯಿಗಳ ಕರ್ತವ್ಯವೆಂದು ಸಂವಿಧಾನದಲ್ಲಿಯೇ ಸೇರಿದೆ. ಅದೇ ತಿದ್ದುಪಡಿ ವಿದ್ಯೆಯನ್ನು ಮಗುವಿನ ಹಕ್ಕನ್ನಾಗಿಯೂ ಮಾಡಿತು. ಹಕ್ಕು ಮಗುವಿನದು, ಕರ್ತವ್ಯ ನಮ್ಮೆಲ್ಲರದು. ಆ ಕಾಗದದ ಗೆರೆಯ ಮೇಲೆ ನೀವು ಸಹಿ ಹಾಕುವುದು ಇದಕ್ಕಾಗಿಯೇ.

ಆದುದರಿಂದ ಈ ವರ್ಷ ಆ ಕಾಗದ ಬಂದಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಸಾಲನ್ನೂ ಓದಿ. ‘ಇದು ನಿನ್ನದು, ಇದು ನನ್ನದು, ಇದು ಅಮ್ಮನದು’ ಎಂದು ಹಂಚಿಕೊಳ್ಳಿ. ಎಬ್ಬಿಸುವುದು ಅಪ್ಪನ ಪಾಲಾದರೆ, ರಾತ್ರಿ ಮೊಬೈಲನ್ನು ಕೆಳಗಿಟ್ಟು ಹೊತ್ತಿಗೆ ಸರಿಯಾಗಿ ಮಲಗುವುದು ಅಪ್ಪ, ಮಗು ಇಬ್ಬರ ಪಾಲೂ ಆಗಲಿ. ಭಾನುವಾರ ಉಗುರಿನ ವಾರ. ಸಂಜೆ ಮಗು ಮನೆಗೆ ಬಂದಾಗ ‘ಎಷ್ಟು ಮಾರ್ಕು ಬಂತು?’ ಎಂದು ಕೇಳುವ ಮೊದಲು, ‘ಊಟಕ್ಕೆ ಯಾರ ಪಕ್ಕ ಕೂತಿದ್ದೆ? ಇವತ್ತು ಯಾರು ಬರಲಿಲ್ಲ?’ ಎಂದು ಕೇಳಿ. ಬಾರದ ಮಗುವಿನ ಮನೆ ನಿಮ್ಮ ಬೀದಿಯಲ್ಲೇ ಇದ್ದರೆ ಒಮ್ಮೆ ವಿಚಾರಿಸಿ, ಮೇಷ್ಟರಿಗೆ ತಿಳಿಸಿ. ನಮಗೆ ತಿಂಗಳಾದ ಮೇಲೆ ತಿಳಿಯುವ ಸಂಗತಿ ನಿಮಗೆ ಅಂದೇ ಸಂಜೆ ತಿಳಿದಿರುತ್ತದೆ.